ನೂರಿಪ್ಪತ್ತು ಫ್ಲ್ಯಾಟ್‌ಗಳು

“ಮೀನು ಮಾರುವವರಿಗೆ ನೂರಿಪ್ಪತ್ತು ಫ್ಲ್ಯಾಟ್ ಕಟ್ಟಿಕೊಟ್ಟರೆ ನಮ್ಮ ರಸ್ತೆಯಿಡೀ ವಾಸನೆ ಬರ್ತದೆ ಮಾರಾಯ್ರೆ,” ಎಂದರು ಭುಜಂಗ, ವಿರೋಧಕ್ಕೆ ಎತ್ತಿದ ಕೈ ಇಳಿಸದೆ. ಅಷ್ಟು ಹೊತ್ತು ಅವರು ಪುರಸಭೆಯಲ್ಲಿ, ಫ್ಲ್ಯಾಟ್‌ಗಳು ಬಂದರೆ ಊರಿನ ಬಾವಿಗಳು ಬತ್ತುತ್ತವೆಂದು ಗದ್ಗದಿತರಾಗಿದ್ದರು. ಅವರ ಮನೆಯಲ್ಲಿ ಈಜುಕೊಳವಿತ್ತು.

ಮೀನು ಮಾರುತ್ತಲೇ ಸದಸ್ಯೆಯಾಗಿದ್ದ ಬೇಬಿ ಎದ್ದು ನಿಂತರು. “ಬೆಳಿಗ್ಗೆ ಮಲ್ಪೆಯಿಂದ ನಿಮ್ಮ ಗೇಟಿಗೆ ಅಂಜಲ್ ಮೀನು ತಂದುಕೊಟ್ಟದ್ದು ನಾನೇ ಅಲ್ವಾ ಭುಜಂಗಣ್ಣ? ಅದಕ್ಕೆ ವಾಸನೆ ಇರಲಿಲ್ವಾ?”

“ಮೀನು ಬೇರೆ, ಮೀನಿನವರು ಬೇರೆ.”

ಅವರ ಕಡೆಯವರೆಲ್ಲ ಮೇಜು ತಟ್ಟಿ ನಕ್ಕರು. ವಿರೋಧಕ್ಕೆ ಒಂದೇ ಮತ ಹೆಚ್ಚಿತ್ತು, ಅಷ್ಟು ಸಾಕಿತ್ತು. ಭುಜಂಗರ ಪಕ್ಕದಲ್ಲಿ ಕೈ ಎತ್ತಿ ಕುಳಿತಿದ್ದ ಜೆರ್ಟ್ರೂಡ್ ಮಾತ್ರ ನಗಲಿಲ್ಲ. ಅವರು ನಿಧಾನವಾಗಿ ಕೈ ಇಳಿಸಿದರು.

“ಅಧ್ಯಕ್ಷರೇ, ನನ್ನ ಮತ ಬೇಬಿಯವರ ಕಡೆಗೆ. ಇನ್ನೊಮ್ಮೆ ಎಣಿಸಿ.”