ಖಾಲಿ ಬರುವಾಗಿನ ಶಬ್ದ

ಮೂರನೆಯ ಸಲವೂ ಮಾವ ಪಿಕಪ್ ಗಾಡಿಯ ಹಿಂಭಾಗಕ್ಕೆ ಹತ್ತಿ, ತಗಡಿಗೆ ಕಿವಿಯಾನಿಸಿ ಮಗ್ಗುಲಾಗಿ ಮಲಗಿದರು. ಸೊಸೆ ಗಾಡಿಯನ್ನು ಬೀದಿಯ ತುದಿಯವರೆಗೂ ಓಡಿಸಿ, ಹಳ್ಳ ದಿಣ್ಣೆ ಒಂದನ್ನೂ ಬಿಡದೆ ಹಾಯಿಸಿ, ತಿರುಗಿಸಿ ತಂದು ಮನೆಯ ಮುಂದೆ ನಿಲ್ಲಿಸಿದಳು. ಮಾವ ಎದ್ದು ಕೂತು ಮೈ ಕೊಡವಿಕೊಂಡರು.

“ಎಲ್ಲಿದೆ ತಾಯಿ ನಿನ್ನ ಶಬ್ದ? ನನ್ನ ಮೂಳೆಗಳದ್ದು ಬಿಟ್ಟರೆ ಇನ್ನೇನೂ ಕೇಳಲಿಲ್ಲ.”

“ದಿನಾ ಬರುತ್ತೆ ಮಾವ. ಗಿರಾಕಿಗಳ ಹತ್ರ ಗಾಜಿನ ಹಲಗೆಗಳನ್ನ ಇಳಿಸಿ ವಾಪಸ್ಸು ಬರುವಾಗ ಹಿಂದಿನಿಂದ ಕಿರ್ ಕಿರ್ ಅಂತ ಒಂದೇ ಸಮನೆ. ನೀವು ಹತ್ತಿದ ತಕ್ಷಣ ಬಾಯಿ ಮುಚ್ಕೊಳ್ಳುತ್ತೆ.”

“ನನ್ನ ಕಂಡರೆ ಗಾಡಿಗೂ ಭಯ ಅನ್ನು.”

ಸೊಸೆ ನಗಲಿಲ್ಲ.

ಮಾವ ನಲವತ್ತು ವರ್ಷ ಲಾರಿಗಳ ಹೊಟ್ಟೆಯ ಕೆಳಗೇ ಆಯುಸ್ಸು ಸವೆಸಿದವರು. ಬೆಳಗ್ಗಿನಿಂದ ಒಂದೊಂದನ್ನೇ ನೋಡಿದ್ದರು. ಡಿಫರೆನ್ಷಿಯಲ್ಲಿನ ಎಣ್ಣೆ ಇಳಿಸಿ ಬೆರಳ ನಡುವೆ ತಿಕ್ಕಿದರು, ಕಬ್ಬಿಣದ ಪುಡಿಯಿಲ್ಲ. ಜ್ಯಾಕ್ ಕೊಟ್ಟು ಚಕ್ರಗಳನ್ನು ತಿರುಗಿಸಿದರು; ಬೇರಿಂಗ್ ಗಟ್ಟಿಯಾಗಿದೆ. ಪ್ರೊಪೆಲ್ಲರ್ ಶಾಫ್ಟಿನ ಕೀಲು ಹಿಡಿದು ಅಲ್ಲಾಡಿಸಿದರು, ಕೂದಲೆಳೆಯಷ್ಟೂ ಸಡಿಲವಿಲ್ಲ. ಹಾಗಾದರೆ ಶಬ್ದ ಎಲ್ಲಿಂದ? ಮಗ ತೀರಿಕೊಂಡು ಮೂರು ತಿಂಗಳು. ಅವಳು ಸ್ಟಿಯರಿಂಗ್ ಹಿಡಿದು ಎರಡು. ಒಂಟಿಯಾಗಿ ಬರುವ ದಾರಿಯಲ್ಲಿ ಮನಸ್ಸು ಏನೇನು ಕೇಳಿಸಿಕೊಳ್ಳುತ್ತದೋ. ತಮಗೂ ಬೆಳಗಿನ ಪ್ರಾರ್ಥನೆಗೆ ಕೂತಾಗ ಹೊರಗೆ ಮಗನ ಚಪ್ಪಲಿಯ ಸದ್ದು ಎಷ್ಟೋ ಸಲ ಕೇಳಿಸಿತ್ತು. ಅದನ್ನು ದೇವರಿಗಲ್ಲದೆ ಇನ್ನಾರಿಗೂ ಹೇಳಿರಲಿಲ್ಲ.

“ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡ,” ಎಂದರು. “ಗಾಡಿ ಓಡಿಸೋದು ಬೇಡ ಅನಿಸಿದ್ರೆ ನೇರವಾಗಿ ಹೇಳು. ಶಬ್ದದ ನೆಪ ಬೇಕಿಲ್ಲ. ಸಂಜೆ ಒಬ್ಬರಿಗೆ ಬಂದು ನೋಡೋಕೆ ಹೇಳಿದ್ದೀನಿ. ಮಾರಿಬಿಡೋಣ.”

ಸೊಸೆಯ ಮುಖ ಇಳಿದುಹೋಯಿತು. “ಗಾಡಿ ಕೊಟ್ಟು ನಾನೇನು ಮಾಡಲಿ? ಗೋಡೆ ನೋಡ್ತಾ ಕೂರಲಾ? ಎಲ್ಲಾದ್ರೂ ನಡುದಾರಿಯಲ್ಲಿ ಕೆಟ್ಟು ನಿಂತ್ರೆ ಇರೋ ಕೆಲಸವೂ ಕೈತಪ್ಪುತ್ತೆ ಅಂತ ಹೇಳಿದೆ. ನನಗೆ ತಲೆ ಕೆಟ್ಟಿದೆ ಅಂದ್ಕೊಂಡ್ರಾ ಮಾವ?”

ಮಾವ ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ ಗಾಡಿಯಿಂದ ಇಳಿದು, “ಇನ್ನೊಂದು ಸುತ್ತು ಹೋಗು. ಈ ಸಲ ನಾನು ಹತ್ತೋದಿಲ್ಲ, ಇಲ್ಲೇ ನಿಂತಿರ್ತೀನಿ,” ಎಂದರು.

ಗಾಡಿ ಬೀದಿಯ ತಿರುವು ದಾಟಿ ಬರುವಾಗಲೇ ಕೇಳಿಸಿತು. ಎಡಗಡೆ, ಹಿಂದಿನಿಂದ, ಎಣ್ಣೆ ಕಾಣದ ಬಾಗಿಲಿನ ಹಾಗೆ. ಮಾವ ಕೈ ಅಡ್ಡ ಹಿಡಿದು ನಿಲ್ಲಿಸಿದವರೇ ನೆಲಕ್ಕೆ ಮಲಗಿ ಕೆಳಗೆ ನುಸುಳಿದರು. ಎಡಗಡೆ ಭಾರ ಹೊರುವ ಕಮಾನು ಪಟ್ಟಿಯ ತುದಿಯನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಕೊಂಡಿಯಲ್ಲಿ ರಬ್ಬರ್ ಬುಷ್ ಸವೆದು ಕಾಗದದಂತಾಗಿತ್ತು. ಮೇಲೆ ಭಾರ ಬಿದ್ದರೆ ಪಟ್ಟಿ ಒತ್ತಿ ಕೂತು ಸುಮ್ಮನಿರುತ್ತದೆ. ಖಾಲಿಯಾದರೆ ಕಬ್ಬಿಣ ಕಬ್ಬಿಣವನ್ನು ಉಜ್ಜುತ್ತದೆ. ಕೇಳಲೆಂದು ಹತ್ತಿ ಮಲಗಿ ಮಲಗಿ ತಾವೇ ಅದರ ಬಾಯಿ ಕಟ್ಟಿದ್ದರು.

“ತಪ್ಪು ನನ್ನದೇ ತಾಯಿ,” ಕೆಳಗಿನಿಂದಲೇ ಹೇಳಿದರು. “ಆದರೆ ಇದು ನಿನ್ನೆ ಮೊನ್ನೆ ಸವೆದದ್ದಲ್ಲ. ಎರಡು ವರ್ಷವಾದ್ರೂ ಆಗಿದೆ. ಅವನ ಕಿವಿಗೆ ಹೇಗೆ ಬೀಳಲಿಲ್ಲ? ಅವನು ತರ್ತಿದ್ದದ್ದೂ ಖಾಲಿ ಗಾಡೀನೇ ಅಲ್ವಾ?”

ಗಾಡಿಯಿಂದ ಇಳಿದ ಸೊಸೆಯ ಪಾದಗಳು ಮಾತ್ರ ಕಾಣುತ್ತಿದ್ದವು. ಅವು ನಡೆದು ಬಂದು ಎಡಚಕ್ರದ ಪಕ್ಕ ನಿಂತವು.

“ಖಾಲಿ ಇರ್ತಿರಲಿಲ್ಲ ಮಾವ. ಹೋಗುವಾಗ ಗಾಜು ಹಿಡ್ಕೊಂಡು ನಾನು ಹಿಂದೆ ಕೂರ್ತಿದ್ದೆ. ಇಲ್ಲೇ, ಈ ಚಕ್ರದ ಮೇಲೆ ಉಬ್ಬಿದ ತಗಡಿದೆಯಲ್ಲ, ಅದರ ಮೇಲೆ. ಬರುವಾಗ, ಮುಂದೆ ಬಾರೇ ಅಂತ ದಿನಾ ಕರೀತಿದ್ರು. ಗಾಳಿ ಚೆನ್ನಾಗಿದೆ ಅಂತ ನಾನೇ ಹೋಗ್ತಿರಲಿಲ್ಲ.”

ಕೆಳಗೆ ನೋಡುವುದೆಲ್ಲ ಮುಗಿದಿತ್ತು. ಆದರೂ ಮಾವ ಕೂಡಲೇ ಹೊರಗೆ ಬರಲಿಲ್ಲ.

ಸಂಜೆಯೊಳಗೆ ಅಂಗಡಿಯಿಂದ ಹೊಸ ಬುಷ್ ತಂದು ಕೂರಿಸಿದರು. ಗಾಡಿ ನೋಡಲು ಬಂದವರಿಗೆ ಕುಡಿಯಲು ನೀರು ಕೊಟ್ಟು, ಮನಸ್ಸು ಬದಲಾಯಿತೆಂದು ಹೇಳಿ ಕಳಿಸಿದರು. ಖಾಲಿ ಗಾಡಿ ಬೀದಿಯುದ್ದಕ್ಕೂ ಹೋಗಿ ಬಂತು, ತುಟಿಪಿಟಕ್ಕೆನ್ನಲಿಲ್ಲ.

“ನಾಳೆ ಎಷ್ಟು ಗಾಜು?” ಕೈಯ ಗ್ರೀಸ್ ಒರೆಸಿಕೊಳ್ಳುತ್ತಾ ಮಾವ ಕೇಳಿದರು.

“ಎಂಟು. ಆಳೆತ್ತರದವು.”

“ಹಿಡಿಯೋರು ಯಾರು?”

“ಹಗ್ಗ ಇದೆಯಲ್ಲ. ನಿಧಾನಕ್ಕೆ ಹೋಗ್ತೀನಿ.”

“ಯಾವ ಹಳ್ಳಕ್ಕೆ ಬಿಗಿ ಹಿಡೀಬೇಕು ಅಂತ ಹಗ್ಗಕ್ಕೇನು ಗೊತ್ತು? ನಾನು ಬರ್ತೀನಿ.”

“ನಿಮ್ಮ ಸೊಂಟ?”

“ಅದು ಮನೇಲಿ ಕೂತ್ರೂ ನೋಯುತ್ತೆ. ಸ್ವಲ್ಪ ಗಾಳಿಯಲ್ಲಾದ್ರೂ ನೋಯಲಿ.”

ಮಾರನೆಯ ಬೆಳಗ್ಗೆ ಮಾವ ಪ್ರಾರ್ಥನೆ ಮುಗಿಸಿ ಹೊರಗೆ ಬಂದಾಗ ಗಾಡಿ ಹೊರಡಲು ಸಿದ್ಧವಾಗಿ ನಿಂತಿತ್ತು. ಏಳು ವರ್ಷ ತಾನು ಬರೀ ತಗಡಿನ ಮೇಲೆ ಕೂತ ಜಾಗಕ್ಕೆ ಅವಳು ಗಂಡನ ದಿಂಬನ್ನು ಇಟ್ಟು, ಜಾರದಂತೆ ಹಗ್ಗದಿಂದ ಬಿಗಿದು ಕಟ್ಟಿದ್ದಳು.