ಕಿವಿ ಮಿಷನ್ನಿನ ಸೆಲ್

ಅತ್ತೆಯ ಕಿವಿ ಮಿಷನ್ನಿನಿಂದ ಪೆನ್ಸಿಲ್ ಸೆಲ್ ತೆಗೆದು ವನಜಾಕ್ಷಿ ಮುಷ್ಟಿ ಮುಚ್ಚುವಷ್ಟರಲ್ಲಿ, ಮಧ್ಯಾಹ್ನದ ಊಟ ಮುಗಿಸಿ ಚಾಪೆಯ ಮೇಲೆ ಮಲಗಿದ್ದ ರಾಮಲಕ್ಷ್ಮಮ್ಮ ಕಣ್ಣು ಬಿಟ್ಟರು.

ವನಜಾಕ್ಷಿಯ ಅಣ್ಣ ದುಬೈಯಿಂದ ತಂದುಕೊಟ್ಟಿದ್ದ ಅಂಗೈಯಗಲದ ವಿಡಿಯೋ ಗೇಮ್ ಮೂರು ದಿನದಿಂದ ಸೆಲ್ಲಿಲ್ಲದೆ ಬಿದ್ದಿತ್ತು. ಸೆಲ್ಲಿದ್ದಾಗ ಗುಂಡಿ ಒತ್ತಿದರೆ ತಕ್ಷಣ ಕುಂಯ್ ಎನ್ನುತ್ತಿತ್ತು ಅದು. ಈ ಮನೆಯಲ್ಲಿ ಅವಳಿಗೆ ಉತ್ತರ ಕೊಡುತ್ತಿದ್ದುದು ಅದೊಂದೇ. ಹೆಬ್ಬಾಳದಿಂದ ಕೆಲಸ ಮುಗಿಸಿ ಬರುವಾಗ ಸೆಲ್ ತನ್ನಿ ಎಂದರೆ ಗಂಡ, "ಆಟ ಆಡೋ ವಯಸ್ಸೇನೇ ನಿಂದು? ಶಿಶುವಿಹಾರಕ್ಕೆ ಸೇರಿಸ್ಲಾ?" ಎಂದು ನಕ್ಕು ಹೋಗಿದ್ದ.

"ಅದಕ್ಯಾಕೆ ಕಳ್ಳಿ ಥರ ಬಚ್ಚಿಡ್ತೀಯ, ಇಟ್ಕೋ," ಎಂದರು ಅತ್ತೆ. "ಈ ವೈರು ಕಿವಿಗೆ ಸಿಗಿಸ್ಕಂಡು ನಾನು ಯಾರ ಮಾತು ಕೇಳ್ಬೇಕು? ನನ್ ಮಗ ಊಟ ಆಯ್ತಾ ಅಂತ ಕೇಳಿ ಯಾವ ಕಾಲ ಆಯ್ತೋ. ನಿನ್ನ ಆಟನಾದ್ರೂ ಕೂಗ್ಲಿ." ಹೇಳಿ ಗೋಡೆಯ ಕಡೆ ಮಗ್ಗುಲಾದರು.

"ಬೇಡ ಅತ್ತೆ, ವಾಪಸ್ ಹಾಕ್ತೀನಿ," ಎಂದಳು ವನಜಾಕ್ಷಿ. ಸೆಲ್ಲಿಲ್ಲದ ಕಿವಿಗೆ ಅದು ಮುಟ್ಟಲಿಲ್ಲ. ಆ ದಿನ ಬೆಳಗಿನಿಂದ ತಾನು ಅತ್ತೆಗೆ ಆಡಿದ ಮೊದಲ ಮಾತು ಅದೇ ಎಂಬುದು ಆಗ ಹೊಳೆಯಿತು. ಎಬ್ಬಿಸಿ ಮತ್ತೆ ಹೇಳೋಣವೆಂದರೆ, ಆಮೇಲೆ ಏನು ಮಾತಾಡಬೇಕೆಂದು ಅವಳಿಗೆ ತೋಚಲಿಲ್ಲ. ಸೆಲ್ಲನ್ನು ಆಟಕ್ಕೇ ಹಾಕಿದಳು.