ಮೊರದಲ್ಲಿ ಬರೆದ ಎಮ್ಮೆ

ಸಿಂಚನಾ, ಚಿರಂತ್, ನಿನ್ನೆ ನಿಮ್ಮ ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವಾಗ ನನ್ನ ಗೆರೆ ಸೊಟ್ಟಗಾಗಿ, ಕೆಟ್ಟುಹೋಯಿತೆಂದು ಹೆದರಿ ಕೈ ತೆಗೆದುಬಿಟ್ಟೆ. “ಬಟನ್ ಒತ್ತಿದ್ರೆ ಅಳಿಸೋಗುತ್ತೆ ಕಣಜ್ಜಿ, ಸುಮ್ನೆ ಆಟ ಆಡು” ಎಂದು ನೀವು ನಕ್ಕಾಗ ನನಗೆ ಹೊಸ ರಾಗಿಯ ವಾಸನೆ ಬಂದಂತಾಯಿತು.

ಆಗ ನನಗೆ ಆರು ವರ್ಷ. ಸ್ಲೇಟಿನಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆದಿದ್ದರು. ಇನ್ನು ಬಳಪ ಮುಟ್ಟುವುದಿಲ್ಲ ಎಂದು ಕಣಜದ ಹಿಂದೆ ಕುಳಿತಿದ್ದೆ. “ಓದು ಬ್ಯಾಡ್ವಾದ್ರೆ ನಾಳೆಯಿಂದ ಎಮ್ಮೆ ಕಾಯ್ಲಿ” ಎಂದು ಅಪ್ಪ ಹೇಳಿಯಾಗಿತ್ತು.

ರಾಗಿ ಕೇರುತ್ತಿದ್ದ ನನ್ನಜ್ಜಿ ಮೊರವನ್ನು ನನ್ನ ಮುಂದಿಟ್ಟಳು.

“ಆ ಎಮ್ಮೆನೇ ಬರಿ, ನೋಡಾನ.”

ತಣ್ಣನೆಯ ನುಣುಪು ಕಾಳಿನ ಮೇಲೆ ಬೆರಳಲ್ಲಿ ಬರೆದೆ.

“ಅಯ್ಯೋ, ನಿನ್ನೆಮ್ಮೆಗೆ ಐದು ಕಾಲು ಕಣವ್ವ!”

“ಅದು ಕಾಲಲ್ಲ, ಬಾಲ” ಎಂದೆ.

ಅಜ್ಜಿ ನಗುತ್ತಾ ಮೊರ ಕುಲುಕಿದಳು. ಎಮ್ಮೆ ಮಾಯವಾಗಿ ರಾಗಿ ಮತ್ತೆ ಸಮವಾಯಿತು.

“ಇನ್ನೊಂದು ಬರಿ. ರಾಗಿ ಯಾರ್ನೂ ಹೊಡಿಯಲ್ಲ.”

ಸಂಜೆಯವರೆಗೆ ಬರೆದೆ, ಕುಲುಕಿದೆ. ಯಾವಾಗಲೋ ಎಮ್ಮೆಯ ಪಕ್ಕದಲ್ಲಿ, ಹೊಡೆತ ತಿಂದ ಆ ಅಕ್ಷರವನ್ನೇ ಬರೆದುಬಿಟ್ಟಿದ್ದೆ. ಓದು ಬಾರದ ಅಜ್ಜಿ, “ಇದ್ಯಾವ ಪ್ರಾಣಿಯವ್ವ?” ಎಂದಳು. ಆ ಸಲ ನಾನು ಮೊರ ಕುಲುಕಲಿಲ್ಲ. ಬೆಳಿಗ್ಗೆ ಸ್ಲೇಟು ಎತ್ತಿಕೊಂಡು ಹೊರಟೆ.

ಇದನ್ನು ಪೆನ್ನಿನಲ್ಲಿ ಬರೆದಿದ್ದೇನೆ, ತಪ್ಪುಗಳೂ ಹಾಗೇ ಇವೆ. ನೋಡಿ ನಗಿ, ಆದರೆ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ.